ಒಂದು ಜೊತೆ ಸಾಕ್ಸು, ಒಬ್ಬರು ಕಮಲಾದೇವಿ

ನಮ್ಮೂರು ಪಾಪಿನಾಯಕನಹಳ್ಳಿ. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋಗೋ ದಾರಿಯಲ್ಲಿ ಸಿಗುತ್ತೆ. ಬಸ್ಸಲ್ಲಿ ಪಿ.ಕೆ. ಹಳ್ಳಿ ಅಂದ್ರೆ ಸಾಕು, ಕಂಡಕ್ಟರ್ ಟಿಕೆಟ್ ಹರಿದು ಕೊಡ್ತಾರೆ. ಅದಿರಿನ ಲಾರಿ, ಕೆಂಪು ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು. ಇಂಥ ಊರಿಂದ ಬಂದ ಹುಡುಗ ಹಾಸ್ಟೆಲ್ ಮಂಚದ ಮೇಲೆ ಕೂತು ಕೈಯಲ್ಲಿ ಸಾಕ್ಸ್ ಹೆಣೀತಾ ಇದ್ರೆ ಯಾರು ತಾನೇ ನಗಲ್ಲ? ನಮ್ಮ ಫ್ಲೋರಿನವರೆಲ್ಲಾ ನಕ್ಕರು.

ನಾನು ಇದನ್ನ ಶುರು ಮಾಡಿದ್ದು ಅಪ್ಪನಿಗೋಸ್ಕರ. ಅಪ್ಪ ಕೆಲಸ ಮಾಡೋ ಕಡೆ 8 ಗಂಟೆ ಸೇಫ್ಟಿ ಶೂ ಹಾಕಿಕೊಂಡೇ ಇರಬೇಕು. ಸಂತೆಯಲ್ಲಿ ತಂದ ನೈಲಾನ್ ಸಾಕ್ಸಲ್ಲಿ ಕಾಲು ಬೆಂದು ಹೋಗುತ್ತೆ, ಬೆರಳಿನ ಸಂದಿಯಲ್ಲಿ ಬೊಬ್ಬೆ ಏಳುತ್ತೆ. ಹತ್ತಿ ದಾರದಲ್ಲಿ ನಾನೇ ಯಾಕೆ ಒಂದು ಜೊತೆ ಹೆಣೆಯಬಾರದು ಅನ್ನಿಸಿತು. ಅರ್ಧ ಮೊಬೈಲಲ್ಲಿ ವಿಡಿಯೋ ನೋಡಿ ಕಲಿತೆ. ಇನ್ನರ್ಧ, ಹಿಂದೆ ಸ್ವೆಟರ್ ಹೆಣೀತಿದ್ದ ನಮ್ಮ ದೊಡ್ಡವ್ವ ಕಲಿಸಿದ್ರು.

ಐದು ಸಣ್ಣ ಕಡ್ಡಿ ಬೇಕು. ನಾಲ್ಕು ಕಡ್ಡಿಯ ಮೇಲೆ 60 ಕುಣಿಕೆ ಹಂಚಿಕೊಂಡು, ಐದನೇ ಕಡ್ಡಿಯಿಂದ ಸುತ್ತ ಹೆಣೀತಾ ಹೋಗೋದು. ಒಂದು ಸಾಕ್ಸಿಗೆ ಸುಮಾರು 160 ಸುತ್ತು. ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 10,000 ಕುಣಿಕೆ, ಜೊತೆಗೆ 20,000. ಮಜಾ ಇರೋದು ಹಿಮ್ಮಡಿ ಹತ್ತಿರ ಬಂದಾಗ. ಅಲ್ಲಿ ಪೂರ್ತಿ ಸುತ್ತು ಹೋಗಲ್ಲ. ಅರ್ಧಕ್ಕೆ ತಿರುಗಿ, ಸಾಲು ಗಿಡ್ಡ ಮಾಡ್ತಾ ಹೋದರೆ, ಅಲ್ಲಿವರೆಗೂ ಕೊಳವೆ ಥರ ಇಳೀತಿದ್ದ ಬಟ್ಟೆ ತಾನಾಗೇ ಬಟ್ಟಲಿನ ಆಕಾರ ತಗೊಂಡು ಬೇರೆ ದಿಕ್ಕಿಗೆ ತಿರುಗುತ್ತೆ. ಕತ್ತರಿ ಹಾಕಿಲ್ಲ, ಹೊಲಿದಿಲ್ಲ. ಮೊದಲನೇ ಸಲ ಅದು ತಿರುಗಿದಾಗ ರಾತ್ರಿ ಒಂದು ಗಂಟೆ. ರೂಮ್‌ಮೇಟ್‌ನ ಎಬ್ಬಿಸಿ ತೋರಿಸಿದೆ, ಬೈಸಿಕೊಂಡೆ.

ಇದು ಮುದುಕಿಯರ ಟೈಮ್‌ಪಾಸ್ ಕೆಲಸ, ಮಷೀನ್ ಕೆಲವೇ ನಿಮಿಷದಲ್ಲಿ ಮಾಡಿ ಬಿಸಾಕೋದನ್ನ ಎಂಜಿನಿಯರಿಂಗ್ ಓದೋನು ವಾರಗಟ್ಟಲೆ ಮಾಡ್ತಾನಲ್ಲ ಅಂತ ಅವನ ವಾದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. 2018ರ ಏಪ್ರಿಲ್ 3ರಂದು ಗೂಗಲ್ ತನ್ನ ಮುಖಪುಟದಲ್ಲಿ ಇವರ ಡೂಡಲ್ ಹಾಕಿತ್ತು. ಹೆಸರು ನೋಡಿ ಬಂಗಾಳದವರು ಅಂದ್ಕೊಂಡಿದ್ದೆ. ಅಲ್ಲ, ನಮ್ಮ ಮಂಗಳೂರಿನವರು. ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆಯನ್ನೇ ಇಡೀ ದೇಶ ಕೇಳ್ತಿದ್ದ ಕಾಲದಲ್ಲಿ, ಅದಕ್ಕೆ ಕೆಲಸದಲ್ಲೇ ಉತ್ತರ ಕೊಟ್ಟವರು.

ಮಂಗಳೂರಿನ ಮನೆ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಬ್ರಿಟಿಷ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ಗಟ್ಟಿ ಸ್ವಭಾವದವರು. ನಾಲ್ಕು ಹೆಣ್ಣುಮಕ್ಕಳಲ್ಲಿ ಕಮಲಾದೇವಿಯೇ ಕೊನೆಯವರು. ಸಗುಣಾ ಅನ್ನೋ ಅಕ್ಕ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು.

ಕಮಲಾದೇವಿಗೆ ಏಳು ವರ್ಷ ಆಗಿದ್ದಾಗ ತಂದೆಯೂ ಹೋದರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲಾ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ತಿಂಗಳಿಗಿಷ್ಟು ಅಂತ ಜೀವನಾಂಶ, ಅಷ್ಟೇ. ಗಿರಿಜಾಬಾಯಿ ಆ ದುಡ್ಡು ಬೇಡ ಅಂದರು. ತವರಿಂದ ತಂದದ್ದರಲ್ಲೇ ಮಕ್ಕಳನ್ನ ಸಾಕಿದರು. ಹೆಣ್ಣುಮಗಳ ಕೈಯಲ್ಲಿ ಅವಳದೇ ಸಂಪಾದನೆ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ಆ ಹುಡುಗಿ ಏಳನೇ ವಯಸ್ಸಿಗೇ ಕಣ್ಣಾರೆ ಕಂಡಳು. ಮುಂದೆ ಇವರು ಮಾಡಿದ ಎಲ್ಲಾ ಕೆಲಸದ ಹಿಂದೆ ನನಗೆ ಈ ಮನೆಯೇ ಕಾಣುತ್ತೆ.

1917ರಲ್ಲಿ, 14ನೇ ವಯಸ್ಸಿಗೆ ಮದುವೆ ಆಯಿತು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಆ ಕಾಲದಲ್ಲಿ ವಿಧವೆಯಾದ ಹುಡುಗಿಗೆ ಮನೆಯ ಹಿಂದಿನ ಕೋಣೆಯೇ ಗತಿ. ಗಿರಿಜಾಬಾಯಿ ಹಾಗಾಗಲು ಬಿಡಲಿಲ್ಲ. ಕಮಲಾದೇವಿ ಓದು ಮುಂದುವರಿಸಿದರು, ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಗೆಳತಿಯಾದರು. ಅವರ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯ ಕವಿ, ನಾಟಕಕಾರ. ಇಬ್ಬರೂ ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ, ಮೇಲಾಗಿ ವಿಧವೆಯ ಮರುಮದುವೆ. ಊರಲ್ಲಿ ಎಷ್ಟು ಮಾತು ಬಂದಿರಬಹುದು, ನೀವೇ ಊಹಿಸಿ. ಮುಂದೆ ಈ ಮದುವೆಯೂ ಉಳಿಯಲಿಲ್ಲ, ಕಾನೂನಿನ ಮೂಲಕವೇ ಬೇರೆಯಾದರು. ಮಗ ರಾಮಕೃಷ್ಣ.

ಉಪ್ಪಿನ ಪೊಟ್ಟಣ

ಮದುವೆಯಾದ ಮೇಲೆ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿ ಇವರನ್ನ ವಾಪಸ್ ಎಳೆದು ತಂತು. ಬಂದವರೇ ಸೇವಾದಳ ಸೇರಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡೋ ಕೆಲಸಕ್ಕೆ ನಿಂತರು.

1926ರಲ್ಲಿ ಮಾರ್ಗರೇಟ್ ಕಸಿನ್ಸ್ ಒತ್ತಾಯಕ್ಕೆ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತರು. ಆಗಿನ್ನೂ 23 ವರ್ಷ, ನಮ್ಮ ಸೀನಿಯರ್‌ಗಳ ವಯಸ್ಸು. ಪ್ರಚಾರಕ್ಕೆ ಇದ್ದ ದಿನಗಳೇ ಕಡಿಮೆ. ತೀರಾ ಕಡಿಮೆ ಮತಗಳ ಅಂತರದಲ್ಲಿ ಸೋತರು. ಆದರೆ ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸು ಅನ್ನೋ ದಾಖಲೆ ಇವರ ಹೆಸರಲ್ಲಿ ಉಳಿಯಿತು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು, ಇವರು ಅದರ ಸಂಘಟನಾ ಕಾರ್ಯದರ್ಶಿಯಾದರು.

1930ರ ಉಪ್ಪಿನ ಸತ್ಯಾಗ್ರಹ ನಮಗೆಲ್ಲಾ ಗೊತ್ತು. ಗೊತ್ತಿಲ್ಲದ ಸಂಗತಿ ಅಂದ್ರೆ, ಮೊದಮೊದಲು ಗಾಂಧೀಜಿ ಹೆಂಗಸರನ್ನ ಅದರಲ್ಲಿ ಸೇರಿಸಿಕೊಳ್ಳೋಕೆ ತಯಾರಿರಲಿಲ್ಲ. ಹೆಂಗಸರೂ ಇರಲೇಬೇಕು ಅಂತ ಪಟ್ಟು ಹಿಡಿದವರಲ್ಲಿ ಕಮಲಾದೇವಿ ಒಬ್ಬರು. ಮುಂಬೈ ಕಡಲತೀರದಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ನೇರ ಷೇರು ಮಾರುಕಟ್ಟೆಗೆ ಹೋಗಿ ಮಾರಿದರು. ಬಂಧನವೂ ಆಯಿತು. ಆಮೇಲೆ ಜೈಲಿಗೆ ಹೋಗಿಬರೋದು ಮಾಮೂಲಿಯಾಯಿತು. 1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷೆಯೂ ಆದರು.

ಇದರ ನಡುವೆ ನಾಟಕ, ಸಿನಿಮಾ ಬೇರೆ! ಮರ್ಯಾದಸ್ಥ ಮನೆಯ ಹೆಣ್ಣು ಕ್ಯಾಮೆರಾ ಮುಂದೆ ನಿಲ್ಲಬಾರದು ಅಂತಿದ್ದ ಕಾಲದಲ್ಲಿ, ಮೋಹನ್ ಭವನಾನಿಯವರ ಮೂಕಿ ಚಿತ್ರ ವಸಂತಸೇನಾದಲ್ಲಿ ನಟಿಸಿದರು. 1943ರಲ್ಲಿ ಕೆ.ಎಲ್. ಸೈಗಲ್ ಅವರ ತಾನ್‌ಸೇನ್ ಚಿತ್ರದಲ್ಲೂ ಕಾಣಿಸಿಕೊಂಡರು.

ನಿರಾಶ್ರಿತರ ಕೈಗಳು

1947ರಲ್ಲಿ ಸ್ವಾತಂತ್ರ್ಯ ಬಂತು. ಇಷ್ಟು ವರ್ಷ ದುಡಿದವರಿಗೆ ಅಧಿಕಾರದ ಬಾಗಿಲು ತೆರೆದೇ ಇತ್ತು, ಇವರು ಆ ಕಡೆ ಹೋಗಲಿಲ್ಲ. ದೇಶ ವಿಭಜನೆಯಿಂದ ಮನೆಮಠ ಕಳಕೊಂಡು ದೆಹಲಿಗೆ ಬಂದಿದ್ದ ಲಕ್ಷಾಂತರ ಜನ ಟೆಂಟುಗಳಲ್ಲಿ ಇದ್ದರು. ಕಮಲಾದೇವಿ ಹೋಗಿದ್ದು ಆ ಟೆಂಟುಗಳ ಕಡೆ.

1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಶುರು ಮಾಡಿದರು. ಇವರ ಲೆಕ್ಕಾಚಾರ ಸರಳ. ಬರೀ ಅನ್ನ ಹಂಚಿದರೆ ಹೊಟ್ಟೆ ಒಂದು ದಿನ ತುಂಬುತ್ತೆ. ಕೈಗೆ ಕೆಲಸ, ಆ ಕೆಲಸಕ್ಕೆ ಸಹಕಾರ ಸಂಘ, ಸಂಘಕ್ಕೆ ಮಾರುಕಟ್ಟೆ ಸಿಕ್ಕಿದರೆ ಮನುಷ್ಯ ಮತ್ತೆ ತನ್ನ ಕಾಲ ಮೇಲೆ ನಿಲ್ತಾನೆ. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ದೆಹಲಿ ಪಕ್ಕದಲ್ಲಿ ಫರಿದಾಬಾದ್ ಪಟ್ಟಣ ಎದ್ದಿತು. ಅದರ ಹಿಂದೆ ಇವರೂ ಇವರ ಸಂಘವೂ ದುಡಿದರು. ಬಂದವರು ತಮ್ಮ ಮನೆ ತಾವೇ ಕಟ್ಟಿಕೊಂಡರು, ಕಸುಬು ಕಲಿತರು.

ಆ ಟೆಂಟುಗಳ ಹೆಂಗಸರನ್ನ ನೆನೆಸಿಕೊಂಡಾಗ ನನ್ನ ಸಾಕ್ಸು ಬೇರೆ ಥರ ಕಾಣಿಸಿತು. ಮನೆ, ಹೊಲ, ಊರು ಎಲ್ಲಾ ಗಡಿಯಾಚೆ ಉಳಿದುಹೋದ ಮೇಲೂ ಬೆರಳಿನಲ್ಲಿ ಇರೋ ಕಸುಬನ್ನ ಯಾರೂ ಕಿತ್ತುಕೊಳ್ಳೋಕಾಗಲ್ಲ. ನಾವು ಟೈಮ್‌ಪಾಸ್ ಅಂತ ನಗೋದು ಎಷ್ಟೋ ಜನಕ್ಕೆ ಉಳಿದ ಒಂದೇ ಆಸ್ತಿಯಾಗಿತ್ತು.

ಮಷೀನಿನ ಪ್ರಶ್ನೆ

ಈಗ ರೂಮ್‌ಮೇಟ್‌ನ ಪ್ರಶ್ನೆಗೆ ಬರೋಣ. ಮಷೀನ್ ಇರೋವಾಗ ಕೈ ಯಾಕೆ?

ಇದು ಹೊಸ ಪ್ರಶ್ನೆ ಅಲ್ಲ, ಮತ್ತೆ ಇದು ಶುರುವಾಗಿದ್ದೇ ಸಾಕ್ಸಿಂದ ಅಂದ್ರೆ ತಪ್ಪಾಗಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯೋ ಯಂತ್ರ ಮಾಡಿದ. ರಾಣಿ ಒಂದನೇ ಎಲಿಜಬೆತ್ ಪೇಟೆಂಟ್ ಕೊಡಲಿಲ್ಲವಂತೆ, ಕೈಯಲ್ಲಿ ಹೆಣೆದು ಬದುಕೋ ಬಡವರ ಅನ್ನ ಹೋಗುತ್ತೆ ಅನ್ನೋದು ಆಕೆಯ ಚಿಂತೆಯಾಗಿತ್ತು ಅಂತ ಕಥೆ ಇದೆ. ಆದರೂ ಯಂತ್ರ ಬಂತು. 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಕಾಲುಚೀಲದ ಕಾರ್ಮಿಕರು ರಾತ್ರಿ ಹೋಗಿ ಅದೇ ಜಾತಿಯ ಯಂತ್ರಗಳನ್ನ ಒಡೆದರು. ಲುಡೈಟ್ ಅನ್ನೋ ಪದ ಹುಟ್ಟಿದ್ದು ಅಲ್ಲಿ.

ಅಂದರೆ ಒಂದು ದಾರಿ ಯಂತ್ರ ತಡೆಯೋದು, ಇನ್ನೊಂದು ಯಂತ್ರ ಒಡೆಯೋದು. ಎರಡೂ ಸೋತವು. ಕಮಲಾದೇವಿ ಹಿಡಿದದ್ದು ಮೂರನೇ ದಾರಿ. ಕಾರ್ಖಾನೆಗಳು ಬರ್ತವೆ, ಬರಲಿ. ಆದರೆ ಕೈಯಿಂದ ಮಾಡಿದ ವಸ್ತುವಿಗೆ ಅದರದೇ ಬೆಲೆ ಸಿಗೋ ಹಾಗೆ ವ್ಯವಸ್ಥೆ ಕಟ್ಟಬೇಕು. ಸಿಸ್ಟಮ್ ಡಿಸೈನ್ ಅಂತೀವಲ್ಲ, ಅದೇ.

1952ರಲ್ಲಿ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿ ಮಾಡಿತು. ಕಮಲಾದೇವಿ ಅದರ ಚುಕ್ಕಾಣಿ ಹಿಡಿದು ಸುಮಾರು ಎರಡು ದಶಕ ನಡೆಸಿದರು. ಅದೇ ವರ್ಷ ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸೋ ಹೊಣೆ ಇವರ ಸಹಕಾರ ಸಂಘಕ್ಕೆ ಬಂತು. ಹಳ್ಳಿಯ ಮೂಲೆಯಲ್ಲಿ ಕೂತು ಮಾಡಿದ ವಸ್ತು ರಾಜಧಾನಿಯ ಅಂಗಡಿಯಲ್ಲಿ ಸರಿಯಾದ ದರಕ್ಕೆ ಮಾರಾಟವಾಗೋಕೆ ದಾರಿಯಾಯಿತು. ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಮಂಡಳಿ ವಿನ್ಯಾಸ ಕೇಂದ್ರ ತೆರೆಯಿತು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ 1965ರಿಂದ ಶುರುವಾಯಿತು. ಅಲ್ಲಿವರೆಗೂ ಪ್ರಶಸ್ತಿ ಅಂದ್ರೆ ಕವಿಗೆ, ಗಾಯಕರಿಗೆ, ವಿಜ್ಞಾನಿಗೆ. ಕುಂಬಾರನಿಗೆ, ನೇಕಾರನಿಗೆ ದೇಶದ ಹೆಸರಲ್ಲಿ ಶಾಲು ಹೊದಿಸೋದು ಹೊಸತು.

ಇವೆಲ್ಲಾ ಆಫೀಸಲ್ಲಿ ಕೂತು ಆದದ್ದಲ್ಲ. ಕಮಲಾದೇವಿ ಊರೂರು ತಿರುಗಿದರು. ಎಲ್ಲಿ ಒಂದು ಕಸುಬು ಕೊನೆ ಉಸಿರೆಳೀತಿದೆ ಅಂತ ಕೇಳಿದರೋ ಅಲ್ಲಿಗೆ ಹೋಗಿ, ಅದು ಗೊತ್ತಿರೋ ಕೊನೆಯ ಒಬ್ಬಿಬ್ಬರನ್ನ ಹುಡುಕಿ, ಅವರ ಕೈಕೆಳಗೆ ಹುಡುಗರನ್ನ ಕೂರಿಸಿದರು. ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಬರೆಯೋರು ಕಡಿಮೆಯಾಗಿದ್ದಾಗ 1957ರಲ್ಲಿ ಅಲ್ಲಿ ತರಬೇತಿ ಕೇಂದ್ರ ಬಂತು. ಜೈಪುರದ ನೀಲಿ ಕುಂಬಾರಿಕೆ ನಿಂತೇ ಹೋಗೋದರಲ್ಲಿತ್ತು. ಕಲಾವಿದ ಕೃಪಾಲ್ ಸಿಂಗ್ ಶೇಖಾವತ್ ಅದನ್ನ ಮತ್ತೆ ಎತ್ತಿ ನಿಲ್ಲಿಸಿದಾಗ ಬೆನ್ನಿಗೆ ನಿಂತವರಲ್ಲಿ ಇವರೂ ಒಬ್ಬರು.

ಕುಶಲಕಲೆ ಅಂದ್ರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡೋದಲ್ಲ, ದಿನಾ ಬಳಸೋದು ಅನ್ನೋದು ಇವರ ನಂಬಿಕೆ. ನೀರು ಕುಡಿಯೋ ಚೊಂಬು, ಹೊದೆಯೋ ಕೌದಿ, ಉಡೋ ಸೀರೆ ಚೆಂದ ಇರಬೇಕು, ಉಪಯೋಗಕ್ಕೂ ಬರಬೇಕು. ಮಾಡೋರಿಗೆ ಮಾಡೋವಾಗ ಖುಷಿ ಇರಬೇಕು, ಮಾಡಿದ ಮೇಲೆ ಅನ್ನವೂ ಸಿಗಬೇಕು. ಖುಷಿ ಮಾತ್ರ ಇದ್ದರೆ ಅದು ನನ್ನ ಥರದವರ ಹವ್ಯಾಸ. ಅನ್ನ ಮಾತ್ರ ಇದ್ದರೆ ಬರೀ ಕೂಲಿ. ಎರಡನ್ನೂ ಒಟ್ಟಿಗೆ ಇಡೋದೇ ಇವರ ಜೀವಮಾನದ ಕೆಲಸವಾಯಿತು ಅಂತ ನನಗೆ ಅನ್ನಿಸುತ್ತೆ.

ಕೈಯಲ್ಲಿರೋ ಗಣಿತ

ಕೈಕೆಲಸಕ್ಕೆ ತಲೆ ಬೇಡ ಅನ್ನೋರಿಗೆ ನಮ್ಮ ಧಾರವಾಡ ಕಡೆಯ ಕಸೂತಿ ತೋರಿಸಬೇಕು. ಅದರಲ್ಲಿ ಗವಂತಿ ಅನ್ನೋ ಹೊಲಿಗೆ ಇದೆ. ಸೂಜಿ ಒಂದು ಗೆರೆ ಬಿಟ್ಟು ಒಂದು ಗೆರೆ ಹೊಲೀತಾ ಹೋಗಿ, ವಾಪಸ್ ಬರೋವಾಗ ಬಿಟ್ಟ ಗೆರೆ ತುಂಬಿಸುತ್ತೆ. ಎಲ್ಲೂ ಗಂಟು ಹಾಕೋ ಹಾಗಿಲ್ಲ. ಮುಗಿದ ಮೇಲೆ ಬಟ್ಟೆಯ ಎರಡೂ ಕಡೆ ಚಿತ್ತಾರ ಒಂದೇ ಥರ ಕಾಣಬೇಕು. ಗ್ರಾಫ್ ಥಿಯರಿ ಓದಿದವರು ಒಂದು ನಿಮಿಷ ಯೋಚಿಸಿ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹೋಗುತ್ತೆ, ಅಂದರೆ ಪ್ರತಿ ಬಿಂದುವಿನ ಡಿಗ್ರಿ ಸಮಸಂಖ್ಯೆ. ಹಾಗಾಗಿ ಚಿತ್ತಾರ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಹೊರಟ ಜಾಗಕ್ಕೇ ವಾಪಸ್ ಬರೋ ಆಯ್ಲರ್ ಸರ್ಕ್ಯೂಟ್ ಇದ್ದೇ ಇರುತ್ತೆ. ನಾವು ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡೋದನ್ನ ಅಲ್ಲಿನ ಅಜ್ಜಿಯರು ಜಗಲಿ ಮೇಲೆ ಕೂತು ಬೆರಳಲ್ಲೇ ಬಿಡಿಸ್ತಾರೆ.

ಕಮಲಾದೇವಿ ಇಂಥ ಜ್ಞಾನ ಬರವಣಿಗೆಯಲ್ಲೂ ಉಳೀಬೇಕು ಅಂತ ಭಾರತದ ಕರಕುಶಲ ಕಲೆ, ಕಸೂತಿ, ಜಮಖಾನೆಗಳ ಬಗ್ಗೆ ಪುಸ್ತಕ ಬರೆದರು. 1964ರಲ್ಲಿ ಭಾರತದ ಕ್ರಾಫ್ಟ್ಸ್ ಕೌನ್ಸಿಲ್ ಕಟ್ಟಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಒಬ್ಬರಾದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ಆತ್ಮಕಥೆ ಹೊರಬಂತು. 1988ರ ಅಕ್ಟೋಬರ್ 29ರಂದು, 85ನೇ ವಯಸ್ಸಿನಲ್ಲಿ, ಮುಂಬೈಯಲ್ಲಿ ಕಮಲಾದೇವಿ ತೀರಿಕೊಂಡರು.

ನಮ್ಮ ಪಕ್ಕದಲ್ಲೇ

ಇವರು ಹಾಕಿದ ದಾರಿ ಎಲ್ಲಿವರೆಗೂ ಬಂದಿದೆ ಅಂತ ನೋಡೋಕೆ ದೆಹಲಿಗೆ ಹೋಗಬೇಕಿಲ್ಲ. ನಮ್ಮೂರಿಂದ ಸಂಡೂರು ಹತ್ತಿರ. ಅಲ್ಲಿನ ತಾಂಡಾಗಳ ಹೆಂಗಸರು ಕನ್ನಡಿ, ಕವಡೆ ಇಟ್ಟು 14 ಬಗೆಯ ಹೊಲಿಗೆಯಲ್ಲಿ ಮಾಡೋ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರ ಇದಕ್ಕೆ ಆಸರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ವಸ್ತುಗಳನ್ನ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯಿತು.

ನನ್ನ ಕ್ಲಾಸ್‌ಮೇಟ್ ಒಬ್ಬಳು ಆ ಕಡೆಯ ತಾಂಡಾದವಳು. ಅವಳ ಯಾಡಿ, ಅಂದರೆ ಅವ್ವ, ಈ ಕಸೂತಿ ಮಾಡ್ತಾರೆ. ಅದರ ದುಡ್ಡಲ್ಲೂ ಇವಳ ಫೀಸ್ ಕಟ್ಟಿದ್ದಾರೆ. ನನ್ನ ಸಾಕ್ಸ್ ನೋಡಿ ಅವಳು ನಗಲಿಲ್ಲ. ಕೈಗೆ ತಗೊಂಡು ಒಳಗಡೆ ತಿರುಗಿಸಿ ನೋಡಿದಳು. ಯಾಡಿಯ ಹೊಲಿಗೆಯಲ್ಲಿ ಒಂದೂ ತನಗೆ ಬರಲ್ಲ ಅಂದಳು. ಓದೋ ಮಗಳ ಕೈಗೆ ಸೂಜಿ ಯಾಕೆ ಅಂತ ಯಾಡಿಯೇ ಕಲಿಸಲಿಲ್ಲವಂತೆ.

ಆ ತಾಯಿಯದು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಗಿರಿಜಾಬಾಯಿ ಮಗಳನ್ನ ಓದಿಸಿದ್ದೂ ಇದೇ ಆಸೆಯಿಂದ ತಾನೇ. ಆದರೆ ನಮ್ಮಲ್ಲಿ ಎಷ್ಟು ಜನ ನೇಕಾರರ, ಬಡಗಿಗಳ, ಕಮ್ಮಾರರ, ಕೌದಿ ಹೊಲಿಯೋರ ಮನೆಯಿಂದ ಬಂದಿದ್ದೀವಿ, ಒಮ್ಮೆ ಎಣಿಸಿ. ಆ ಕೈಗಳು ದುಡಿದು ನಮ್ಮನ್ನ ಇಲ್ಲಿ ಕಳಿಸಿವೆ, ಮತ್ತೆ ಆ ಕಸುಬು ನಮ್ಮ ತಲೆಮಾರಿಗೇ ನಿಲ್ಲುತ್ತೆ. ಎಲ್ಲರೂ ವಾಪಸ್ ಹೋಗಿ ಮಗ್ಗದ ಮುಂದೆ ಕೂರಬೇಕು ಅಂತ ನಾನು ಹೇಳಲ್ಲ. ಕಮಲಾದೇವಿಯೂ ನೇಕಾರರಾಗಲಿಲ್ಲ. ಅವರು ಸಂಘ, ಅಂಗಡಿ, ತರಬೇತಿ, ದರಪಟ್ಟಿ ಕಟ್ಟಿದರು. ನಮಗೆ ಬರೋದು ಅದೇ ಥರದ ಕೆಲಸ. ಒಂದು ಆ್ಯಪ್, ಬೆನ್ನು ನೋಯದ ಒಂದು ಸ್ಟ್ಯಾಂಡು, ಹೊಲಿಗೆಗಳನ್ನ ದಾಖಲಿಸಿಡೋ ಒಂದು ಪ್ರಾಜೆಕ್ಟ್. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗ್ತಿಲ್ಲ ಅಂತ ಅಲೆಯೋ ಬದಲು ಮನೆಗೆ ಹೋದಾಗ ಅವ್ವನ ಕೈ ನೋಡಿ.

ನನ್ನ ಕ್ಲಾಸ್‌ಮೇಟ್ ಈ ದಸರಾ ರಜೆಯಲ್ಲಿ ಯಾಡಿ ಹತ್ತಿರ ಒಂದು ಹೊಲಿಗೆ ಕಲಿತು ಬರ್ತೀನಿ ಅಂದಿದ್ದಾಳೆ. ಬದಲಿಗೆ ನಾನು ಅವಳಿಗೆ ಹಿಮ್ಮಡಿ ತಿರುಗಿಸೋದು ಹೇಳಿಕೊಡಬೇಕಂತೆ.

ಅಪ್ಪನ ಸಾಕ್ಸಲ್ಲಿ ಬಲಗಾಲಿಂದು ಮುಗಿದಿದೆ. ಮೊನ್ನೆ ಊರಿಗೆ ಹೋದಾಗ ಹಾಕಿಸಿ ನೋಡಿದೆ. ಹೆಬ್ಬೆರಳ ಹತ್ತಿರ ಸ್ವಲ್ಪ ಸಡಿಲ, ಹಿಮ್ಮಡಿ ಮಾತ್ರ ಸರಿಯಾಗಿ ಕೂತಿದೆ. ಅಪ್ಪ ಏನೂ ಹೇಳಲಿಲ್ಲ. ಆ ಒಂದೇ ಸಾಕ್ಸ್ ಹಾಕಿಕೊಂಡು ಮನೆಯೆಲ್ಲಾ ಓಡಾಡಿ, ಎಡಗಾಲಿಂದು ಯಾವಾಗ ಅಂತ ಕೇಳಿದರು. ಸೆಮ್ ಎಕ್ಸಾಮ್ ಮುಗೀಲಿ ಅಂದೆ. ಇನ್ನೂ 10,000 ಕುಣಿಕೆ ಬಾಕಿ ಇದೆ.